ಕೊಯ್ಲಿಗೆ ಮುಂಚೆ ಮಂಡಿಗೆ ಇಂಜೆಕ್ಷನ್ ಹಾಕಿಸಿಕೊಳ್ಳಲೇ?

ಪ್ರಶ್ನೆ: ಡಾಕ್ಟರೇ, ನನಗೆ 61 ವರ್ಷ. ಸೋಮವಾರಪೇಟೆ ಹತ್ತಿರ ನಮ್ಮದು ಆರು ಎಕರೆ ಕಾಫಿ ತೋಟ, ಪೂರ್ತಿ ಇಳಿಜಾರು. ಮೂರು ವರ್ಷದಿಂದ ಎರಡೂ ಮಂಡಿ ನೋವು, ಬಲಗಡೆ ಜಾಸ್ತಿ. ಹತ್ತುವಾಗ ಪರವಾಗಿಲ್ಲ, ಇಳಿಯುವಾಗ ಜೀವ ಹೋಗುತ್ತದೆ. ಈ ಮಳೆಗಾಲದಲ್ಲಿ ಬಲ ಮಂಡಿ ಎರಡು ಸಲ ಊದಿಕೊಂಡಿತ್ತು, ಈಗಲೂ ಸ್ವಲ್ಪ ಊತ ಇದೆ. ಎಕ್ಸ್‌ರೇ ನೋಡಿ ‘ಸವೆತ, ಗ್ರೇಡ್ 3’ ಎಂದರು. ಮೈಸೂರಿನ ಒಬ್ಬ ಡಾಕ್ಟರ್ ಜೆಲ್ ಇಂಜೆಕ್ಷನ್ ಹಾಕಿಸಿ, ಮಂಡಿಗೆ 18 ಸಾವಿರ ಎಂದಿದ್ದಾರೆ. ಇನ್ನೊಬ್ಬರು ನಿಮ್ಮ ರಕ್ತವನ್ನೇ ತೆಗೆದು ಪಿಆರ್‌ಪಿ ಮಾಡಿ ಮೂರು ಸಲ ಹಾಕೋಣ ಎನ್ನುತ್ತಾರೆ. ಪಕ್ಕದ ತೋಟದವರು ಕಳೆದ ವರ್ಷ ಸ್ಟಿರಾಯ್ಡ್ ಹಾಕಿಸಿಕೊಂಡು ಹುತ್ತರಿ ಕೋಲಾಟಕ್ಕೇ ಇಳಿದಿದ್ದರು. ಆದರೆ ಸ್ಟಿರಾಯ್ಡ್ ಮೂಳೆ ತಿಂದುಹಾಕುತ್ತದೆ ಎಂದು ನಮ್ಮ ಮನೆಯವರು ಹೆದರಿಸುತ್ತಾರೆ. ಮಗ ಸ್ಟೆಮ್ ಸೆಲ್ ವಿಡಿಯೊ ಕಳಿಸಿದ್ದಾನೆ, ಸವೆದದ್ದು ಮತ್ತೆ ಬೆಳೆಯುತ್ತದಂತೆ. ನನಗೆ ಶುಗರ್ ಇದೆ, ಮಾತ್ರೆ ತಗೊಳ್ತೇನೆ. ತೂಕ 74 ಕೆಜಿ. ಡಿಸೆಂಬರ್‌ನಲ್ಲಿ ಕೊಯ್ಲು ಶುರುವಾಗುವುದರೊಳಗೆ ಯಾವುದನ್ನು ಹಾಕಿಸಿಕೊಳ್ಳಲಿ? ಆಪರೇಷನ್ ಮಾತ್ರ ಬೇಡ.

ಉತ್ತರ: ನಿಮ್ಮ ಪತ್ರ ಬಂದಾಗ ಅಕ್ಟೋಬರ್ ಅರ್ಧ ಮುಗಿದಿತ್ತು. ಕೊಯ್ಲಿಗೆ ಇನ್ನೂ ಆರೇಳು ವಾರ ಇದೆ. ಇದು ಒಳ್ಳೆಯದೇ. ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಹಣ್ಣು ಕೆಂಪಾದ ಮೇಲೆ, ಆಳು ಗೊತ್ತು ಮಾಡಿದ ಮೇಲೆ, ‘ನಾಳೆಯಿಂದ ತೋಟಕ್ಕೆ ಇಳೀಬೇಕು, ಏನಾದ್ರೂ ಹಾಕಿ’ ಎಂದು ಬರುತ್ತಾರೆ. ನಿಮಗೆ ಯೋಚಿಸಲು ಸಮಯ ಇದೆ.

ಮಗನ ವಿಡಿಯೊದಿಂದಲೇ ಶುರು ಮಾಡೋಣ. ಅದರ ಉತ್ತರ ಗೊತ್ತಾದರೆ ಉಳಿದದ್ದು ಸುಲಭ. ಸವೆದ ಕಾರ್ಟಿಲೇಜನ್ನು ಮತ್ತೆ ಮೊದಲಿನಂತೆ ಬೆಳೆಸುತ್ತದೆ ಎಂದು ಸಾಬೀತಾದ ಇಂಜೆಕ್ಷನ್ ಇವತ್ತಿನವರೆಗೆ ಯಾವುದೂ ಇಲ್ಲ. ಜೆಲ್ ಬೆಳೆಸುವುದಿಲ್ಲ. ಪಿಆರ್‌ಪಿ ಬೆಳೆಸುವುದಿಲ್ಲ. ಸ್ಟಿರಾಯ್ಡ್ ಅಂತೂ ಇಲ್ಲವೇ ಇಲ್ಲ. ಇಂಜೆಕ್ಷನ್‌ನಿಂದ ಸಿಗುವುದು ನೋವು ಕಡಿಮೆ ಇರುವ ಕೆಲವು ವಾರ, ಕೆಲವರಿಗೆ ಕೆಲವು ತಿಂಗಳು, ಅಷ್ಟೇ. ಅದೇನೂ ಸಣ್ಣ ವಿಷಯವಲ್ಲ. ಆದರೆ ಆ ವಾರಗಳಲ್ಲಿ ನೀವು ತೊಡೆಗೆ ಬಲ ತುಂಬಿಕೊಳ್ಳುತ್ತೀರೋ ಅಥವಾ ನೋವಿಲ್ಲ ಎಂದು ಕಾಫಿ ಮೂಟೆ ಹೊರುತ್ತೀರೋ ಎನ್ನುವುದರ ಮೇಲೆ ಮುಂದಿನ ವರ್ಷದ ಮಂಡಿ ನಿಂತಿದೆ.

ಸ್ವಲ್ಪ ಒಳಗೆ ಹೋಗಿ ನೋಡೋಣ. ಕಾರ್ಟಿಲೇಜ್ ಅಂದರೆ ಮೂಳೆಯ ತುದಿಯಲ್ಲಿರುವ ನುಣುಪಾದ ಹೊದಿಕೆ. ಮಂಡಿಯಲ್ಲಿ ಅದು ಕೆಲವೇ ಮಿಲಿಮೀಟರ್ ದಪ್ಪ. ಅದಕ್ಕೆ ರಕ್ತನಾಳ ಇಲ್ಲ, ಹಾಗಾಗಿ ತಾನಾಗಿ ರಿಪೇರಿ ಆಗುವ ಶಕ್ತಿ ತೀರಾ ಕಡಿಮೆ. ನರವೂ ಇಲ್ಲ. ಅಂದರೆ ಕಾರ್ಟಿಲೇಜ್ ನೋಯುವುದೇ ಇಲ್ಲ! ನೋಯುವುದು ಅದರ ಅಕ್ಕಪಕ್ಕ: ಕೆಳಗಿರುವ ಮೂಳೆ, ಕೀಲಿನ ಒಳಪದರ, ಸುತ್ತಲಿನ ಪೊರೆ, ದಣಿದ ಸ್ನಾಯು. ಅದಕ್ಕೇ ಎಕ್ಸ್‌ರೇಗೂ ನೋವಿಗೂ ತಾಳೆ ಆಗುವುದಿಲ್ಲ. ಗ್ರೇಡ್ 4 ಇದ್ದವರು ಆರಾಮಾಗಿ ಸಂತೆಗೆ ನಡೆದು ಬರುತ್ತಾರೆ. ಗ್ರೇಡ್ 2 ಇದ್ದವರು ಮೆಟ್ಟಿಲ ಮೇಲೆ ಅಳುತ್ತಾರೆ. ನಿಮ್ಮ ಗ್ರೇಡ್ 3 ಅಂದರೆ ನಾಲ್ಕರಲ್ಲಿ ಮೂರು, ಮೂಳೆಗಳ ನಡುವಿನ ಜಾಗ ಸಾಕಷ್ಟು ಕಿರಿದಾಗಿದೆ. ಅಂದಹಾಗೆ ಎಕ್ಸ್‌ರೇ ನಿಂತುಕೊಂಡು ತೆಗೆಸಿದ್ದಾ, ಮಲಗಿಸಿ ತೆಗೆದದ್ದಾ? ಮಲಗಿಸಿ ತೆಗೆದ ಚಿತ್ರದಲ್ಲಿ ಸವೆತ ಸರಿಯಾಗಿ ಕಾಣುವುದಿಲ್ಲ. ಮೈಯ ಭಾರ ಬಿದ್ದಾಗ ತೆಗೆದದ್ದೇ ಲೆಕ್ಕಕ್ಕೆ.

ಇಳಿಯುವಾಗಲೇ ಯಾಕೆ ಜಾಸ್ತಿ ಎಂದರೆ, ಇಳಿಜಾರಿನಲ್ಲಿ ಪ್ರತಿ ಹೆಜ್ಜೆಗೂ ತೊಡೆಯ ಮುಂಭಾಗದ ಸ್ನಾಯು ಬ್ರೇಕ್ ಹಿಡಿಯಬೇಕು. ಆಗ ಮಂಡಿ ಚಿಪ್ಪು ತೊಡೆಮೂಳೆಗೆ ಒತ್ತಿಕೊಳ್ಳುತ್ತದೆ. ಸ್ನಾಯು ಸೋತಿದ್ದರೆ ಆ ಕೆಲಸ ಕೀಲಿನ ಮೇಲೆಯೇ ಬೀಳುತ್ತದೆ. ಮಳೆಗಾಲ ಮೂರು ತಿಂಗಳು ಮನೆಯಲ್ಲಿ ಕೂತ ಮೇಲೆ, ಗಮ್ ಬೂಟ್ ಹಾಕಿಕೊಂಡು ಜಾರುವ ಬರೆ ಇಳಿದರೆ ಹೇಗಿರುತ್ತದೆ ಹೇಳಿ. ನಮ್ಮ ಕಡೆ ಸೆಪ್ಟೆಂಬರ್ ಕೊನೆಯಿಂದ ಮಂಡಿ ನೋವಿನವರು ಹೆಚ್ಚಾಗುವುದಕ್ಕೆ ಮಳೆಯ ಥಂಡಿಗಿಂತ ಇದೇ ದೊಡ್ಡ ಕಾರಣ ಎಂದು ನನ್ನ ಅನಿಸಿಕೆ.

ಈಗ ನಿಮ್ಮ ಮನೆಯವರ ಭಯಕ್ಕೆ ಬರೋಣ. ಅದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಮಂಡಿಯೊಳಗೆ ಹಾಕುವ ಸ್ಟಿರಾಯ್ಡ್, ಅಂದರೆ ಟ್ರಯಾಮ್ಸಿನೊಲೋನ್ ಅಥವಾ ಮಿಥೈಲ್ ಪ್ರೆಡ್ನಿಸೊಲೋನ್, ಸಾಮಾನ್ಯವಾಗಿ 40 ಮಿಲಿಗ್ರಾಂ. ಬೆಲೆ ಕೆಲವು ನೂರು ರೂಪಾಯಿ. ಕೀಲಿನ ಒಳಪದರದ ಉರಿಯೂತವನ್ನು ಅದು ಬೇಗ ತಗ್ಗಿಸುತ್ತದೆ. ಕೆಲವೇ ದಿನಗಳಲ್ಲಿ ಆರಾಮ ಸಿಗಬಹುದು, ಅದು ಸಾಮಾನ್ಯವಾಗಿ ಒಂದೆರಡು ತಿಂಗಳು ಉಳಿಯುತ್ತದೆ. ನಿಮ್ಮ ಪಕ್ಕದ ತೋಟದವರು ಕೋಲಾಟಕ್ಕೆ ಇಳಿದದ್ದರಲ್ಲಿ ಆಶ್ಚರ್ಯವಿಲ್ಲ. ಅವರು ಈ ಹುತ್ತರಿಗೆ ಹೇಗಿದ್ದಾರೆ ಎಂದೂ ಒಮ್ಮೆ ಕೇಳಿ ನೋಡಿ.

ತೊಂದರೆ ಬರುವುದು ಮತ್ತೆ ಮತ್ತೆ ಹಾಕಿಸಿದಾಗ. 2017ರಲ್ಲಿ ಅಮೆರಿಕದಲ್ಲಿ 140 ಜನರ ಮೇಲೆ ಒಂದು ಪ್ರಯೋಗ ಪ್ರಕಟವಾಯಿತು. ಅರ್ಧ ಜನರಿಗೆ ಮೂರು ತಿಂಗಳಿಗೊಮ್ಮೆ ಟ್ರಯಾಮ್ಸಿನೊಲೋನ್, ಉಳಿದವರಿಗೆ ಬರೀ ಉಪ್ಪುನೀರು, ಹೀಗೆ ಎರಡು ವರ್ಷ ಕೊಟ್ಟರು. ಕೊನೆಗೆ ಸ್ಟಿರಾಯ್ಡ್ ಪಡೆದವರ ಕಾರ್ಟಿಲೇಜ್ 0.21 ಮಿಲಿಮೀಟರ್ ತೆಳುವಾಗಿತ್ತು, ಉಪ್ಪುನೀರಿನವರದ್ದು 0.10. ನೋವಿನಲ್ಲಿ ಮಾತ್ರ ಇಬ್ಬರಿಗೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಆದ್ದರಿಂದ ಒಂದು ಸಲ ಹಾಕಿಸಿದರೆ ಮೂಳೆ ಕರಗುತ್ತದೆ ಎನ್ನುವುದು ಸುಳ್ಳು. ಪ್ರತಿ ಮೂರು ತಿಂಗಳಿಗೆ ‘ಸರ್ವಿಸ್’ ಮಾಡಿಸಿದ ಹಾಗೆ ಹಾಕಿಸುವುದು ಕೆಟ್ಟ ಅಭ್ಯಾಸ, ಇದು ನಿಜ.

ಇನ್ನೊಂದು ಮಾತು. ಡಾಕ್ಟರ್ ಹಾಕುವ ಸ್ಟಿರಾಯ್ಡ್‌ಗೆ ಹೆದರುವವರೇ ಎಷ್ಟೋ ಜನ ಚೀಟಿ, ಲೇಬಲ್ ಏನೂ ಇಲ್ಲದ ‘ವಾತದ ಪುಡಿ’ ತಂದು ದಿನಾ ಎರಡು ಹೊತ್ತು ನುಂಗುತ್ತಾರೆ. ಅಂಥ ಪುಡಿಗಳಲ್ಲಿ ಎಷ್ಟೋ ಸಲ ಸ್ಟಿರಾಯ್ಡೇ ಬೆರೆತಿರುತ್ತದೆ. ಎರಡೇ ದಿನದಲ್ಲಿ ನೋವು ಮಾಯವಾಗಿ, ಮುಖ ದುಂಡಗಾಗಿ, ಶುಗರ್ ಏರುತ್ತಾ ಹೋದರೆ ಅನುಮಾನ ಪಡಿ. ಮೂಳೆ ನಿಜವಾಗಿ ಟೊಳ್ಳಾಗುವುದು ಹೀಗೆ ತಿಂಗಳುಗಟ್ಟಲೆ ತಿಂದಾಗ. ನೀವು ಅಂಥದ್ದೇನಾದರೂ ತಿನ್ನುತ್ತಿದ್ದರೆ ಒಮ್ಮೆಗೇ ನಿಲ್ಲಿಸಬೇಡಿ, ಪೊಟ್ಟಣ ಸಮೇತ ಡಾಕ್ಟರಿಗೆ ತೋರಿಸಿ.

ಶುಗರ್ ಇರುವವರಿಗೆ ಮಂಡಿಯ ಸ್ಟಿರಾಯ್ಡ್‌ನಿಂದಲೂ ಕೆಲವು ದಿನ ಶುಗರ್ ಏರುತ್ತದೆ, ಕೆಲವರಿಗೆ ಒಂದು ವಾರದವರೆಗೆ. ಅದಕ್ಕೆ ಮೊದಲು ಮೂರು ತಿಂಗಳ ಸರಾಸರಿ, ಅಂದರೆ ಎಚ್‌ಬಿಎ1ಸಿ ಮಾಡಿಸಿ. ಅದು 8ಕ್ಕಿಂತ ಮೇಲಿದ್ದರೆ ನಾನು ಸೂಜಿ ಮುಂದೂಡುತ್ತೇನೆ. ಶುಗರ್ ಏರಿರುವವರಿಗೆ ಸೋಂಕಿನ ಭಯವೂ ಜಾಸ್ತಿ. ಹಾಕಿಸಿಕೊಂಡ ಮೇಲೆ ಒಂದು ವಾರ ದಿನಾ ಮನೆಯಲ್ಲೇ ಶುಗರ್ ನೋಡಿಕೊಳ್ಳಿ.

ಜೆಲ್ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಖಾರವಾಗಿಯೇ ಇದೆ. ಜನ ಇದನ್ನು ‘ಗ್ರೀಸ್ ಹಾಕಿಸೋದು’ ಎನ್ನುತ್ತಾರೆ, ಕೆಲವು ಡಾಕ್ಟರುಗಳೂ ಹಾಗೇ ವಿವರಿಸುತ್ತಾರೆ. ಆದರೆ ಮಂಡಿ ಜೀಪಿನ ಬೇರಿಂಗ್ ಅಲ್ಲ. ಇದರಲ್ಲಿರುವುದು ಹಯಲುರಾನಿಕ್ ಆಸಿಡ್. ನಮ್ಮ ಕೀಲಿನ ದ್ರವದಲ್ಲೇ ಅದು ಇದೆ. ಕೆಲವು ಕಂಪನಿಗಳು ಕೋಳಿ ಜುಟ್ಟಿನಿಂದ ತೆಗೆಯುತ್ತವೆ, ಕೆಲವು ಬ್ಯಾಕ್ಟೀರಿಯಾದಿಂದ ತಯಾರಿಸುತ್ತವೆ. ಕೋಳಿ, ಮೊಟ್ಟೆ ಅಲರ್ಜಿ ಇದ್ದವರು ಮೊದಲೇ ಹೇಳಬೇಕು. ಒಳಗೆ ಹಾಕಿದ ಜೆಲ್ ಅಲ್ಲೇ ಕೂತು ಉರುಳುತ್ತಾ ಇರುವುದಿಲ್ಲ, ಹೆಚ್ಚೆಂದರೆ ಕೆಲವು ವಾರದಲ್ಲಿ ಮೈ ಅದನ್ನು ಹೀರಿಕೊಂಡುಬಿಡುತ್ತದೆ.

ಹಾಗಾದರೆ ಉಪಯೋಗ? 2022ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 24 ದೊಡ್ಡ ಪ್ರಯೋಗಗಳನ್ನು, ಸುಮಾರು 9,000 ರೋಗಿಗಳನ್ನು ಒಟ್ಟಿಗೆ ಲೆಕ್ಕ ಹಾಕಿದರು. 100 ಅಂಕದ ನೋವಿನ ಅಳತೆಯಲ್ಲಿ ಜೆಲ್‌ಗೂ ಔಷಧವೇ ಇಲ್ಲದ ಸುಳ್ಳು ಇಂಜೆಕ್ಷನ್‌ಗೂ ಇದ್ದ ವ್ಯತ್ಯಾಸ ಎರಡು ಅಂಕ. ಎರಡು ಅಂಕ ಕಡಿಮೆಯಾದದ್ದು ಯಾರ ಅನುಭವಕ್ಕೂ ಬರುವುದಿಲ್ಲ. ಅಮೆರಿಕದ ಮೂಳೆ ವೈದ್ಯರ ಸಂಘ 2021ರ ಸಲಹೆಯಲ್ಲೂ ಇದನ್ನು ಎಲ್ಲರಿಗೂ ಹಾಕುವುದು ಬೇಡ ಎಂದೇ ಹೇಳಿದೆ. ‘ನನಗೆ ಗುಣ ಆಯ್ತಲ್ಲ ಡಾಕ್ಟ್ರೇ’ ಎನ್ನುವವರು ಇದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ. ಮಂಡಿಗೆ ಬರೀ ಉಪ್ಪುನೀರು ಹಾಕಿದರೂ ಬಹಳ ಜನರಿಗೆ ತಿಂಗಳುಗಟ್ಟಲೆ ಆರಾಮ ಅನಿಸುತ್ತದೆ. ನೋವು ತಾನಾಗಿ ಏರಿಳಿಯುವುದೂ ಇದೆ. ಎರಡೂ ಮಂಡಿಗೆ 36 ಸಾವಿರ ಖರ್ಚು ಮಾಡಿ ಎಂದು ನಿಮಗೆ ಹೇಳಲು ನನಗೆ ಮನಸ್ಸಿಲ್ಲ.

ಪಿಆರ್‌ಪಿ ಸ್ವಲ್ಪ ಬೇರೆ ಕತೆ. ನಿಮ್ಮ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಹೆಚ್ಚಿರುವ ಭಾಗವನ್ನು ಮಂಡಿಗೆ ಹಾಕುತ್ತಾರೆ. ನಿಮ್ಮದೇ ರಕ್ತ ಆದ್ದರಿಂದ ಅಲರ್ಜಿ ಭಯ ಕಡಿಮೆ, ಶುಗರ್ ಕೂಡ ಏರುವುದಿಲ್ಲ. ಸವೆತ ಈಗಷ್ಟೇ ಶುರುವಾದ, ವಯಸ್ಸು ಕಡಿಮೆ ಇರುವವರಲ್ಲಿ ಕೆಲವು ತಿಂಗಳು ಅನುಕೂಲ ಆಯಿತು ಎನ್ನುವ ಸಣ್ಣ ಪ್ರಯೋಗಗಳಿವೆ. ಆದರೆ ಆಸ್ಟ್ರೇಲಿಯಾದಲ್ಲಿ 288 ಜನರ ಮೇಲೆ ಬಿಗಿಯಾಗಿ ನಡೆಸಿದ, 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ವಾರಕ್ಕೊಂದರಂತೆ ಮೂರು ಪಿಆರ್‌ಪಿ ಕೊಟ್ಟು ಒಂದು ವರ್ಷ ಕಾದು ನೋಡಿದರು. ನೋವಿನಲ್ಲೂ ಕಾರ್ಟಿಲೇಜ್‌ನಲ್ಲೂ ಉಪ್ಪುನೀರಿಗಿಂತ ಮೇಲಾಗಿರಲಿಲ್ಲ. ಒಂದೊಂದು ಕಡೆ ಒಂದೊಂದು ಥರ ತಯಾರಿಸುವುದು ಬೇರೆ. ಹೀಗಾಗಿ ‘ಪಿಆರ್‌ಪಿ’ ಎಂದು ಬರೆದ ಎರಡು ಬಿಲ್‌ಗಳಲ್ಲಿ ಒಂದೇ ಔಷಧ ಇರುತ್ತದೆ ಎಂದು ಹೇಳುವ ಹಾಗಿಲ್ಲ. 45 ವರ್ಷದ, ಗ್ರೇಡ್ 1 ಅಥವಾ 2 ಇರುವವರು, ಖರ್ಚು ಕೈಯಲ್ಲಿದೆ, ಪ್ರಯತ್ನ ಮಾಡ್ತೇನೆ ಅಂದರೆ ನಾನು ತಡೆಯುವುದಿಲ್ಲ. ನಿಮಗೆ ನಾನಾಗಿ ಹೇಳುವುದಿಲ್ಲ.

ಸ್ಟೆಮ್ ಸೆಲ್, ಅಂದರೆ ಬೇರೆ ಬೇರೆ ಥರದ ಜೀವಕೋಶವಾಗಿ ಬೆಳೆಯಬಲ್ಲ ಮೂಲ ಜೀವಕೋಶ. ನಮ್ಮ ದೇಶದಲ್ಲಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆ ಕಸಿ ಥರದ ಚಿಕಿತ್ಸೆ ಬಿಟ್ಟು ಉಳಿದದ್ದೆಲ್ಲ ಪ್ರಯೋಗದ ಹಂತದ್ದು. ಆಮೇಲೆ 2022ರಲ್ಲಿ ಬೆಂಗಳೂರಿನದೇ ಒಂದು ಕಂಪನಿಯ ಉತ್ಪನ್ನಕ್ಕೆ ಗ್ರೇಡ್ 2 ಮತ್ತು 3ರ ಮಂಡಿ ಸವೆತಕ್ಕೆಂದು ಕೇಂದ್ರ ಔಷಧ ನಿಯಂತ್ರಕರ ಅನುಮತಿ ಸಿಕ್ಕಿತು. ಮಗ ವಾದ ಮಾಡಿದರೆ ಇದನ್ನೇ ತೋರಿಸುತ್ತಾನೆ. ಆದರೆ ಅನುಮತಿ ಸಿಕ್ಕಿದ್ದು ಆ ಒಂದು ಉತ್ಪನ್ನಕ್ಕೆ. ಸೊಂಟದ ಕೊಬ್ಬು ತೆಗೆದು ಅಲ್ಲೇ ತಿರುಗಿಸಿ ಮಂಡಿಗೆ ಹಾಕಿ ಲಕ್ಷಗಟ್ಟಲೆ ಬಿಲ್ ಮಾಡುವ ಕ್ಲಿನಿಕ್‌ಗಳಿಗಲ್ಲ. ವಿಡಿಯೊದಲ್ಲಿರುವ ಕ್ಲಿನಿಕ್ ಎರಡರಲ್ಲಿ ಯಾವುದು ಕೊಡುತ್ತಿದೆ ಎಂದು ಮೊದಲು ಕೇಳಲಿ. ಯಾವುದೇ ಇರಲಿ, ಹತ್ತು ವರ್ಷದ ಫಲಿತಾಂಶ ಯಾರ ಕೈಯಲ್ಲೂ ಇಲ್ಲ.

ಕೆಲವು ಸಣ್ಣಪುಟ್ಟ ನಂಬಿಕೆಗಳು. ಹಂದಿ ಮಾಂಸದಿಂದ ಮಂಡಿ ಸವೆಯುವುದಿಲ್ಲ, ಯೂರಿಕ್ ಆಸಿಡ್ ಏರಿ ಬರುವ ಗೌಟ್ ಬೇರೆ ಕಾಯಿಲೆ, ಅದು ಹೆಚ್ಚಾಗಿ ಕಾಲಿನ ಹೆಬ್ಬೆರಳಿನಲ್ಲಿ ಶುರುವಾಗುತ್ತದೆ. ಆಟಿ ತಿಂಗಳ ಹದಿನೆಂಟನೇ ದಿನ ಮಾಡುವ ಮದ್ದುಸೊಪ್ಪಿನ ಪಾಯಸ ನಾನೂ ಬಿಡುವುದಿಲ್ಲ, ಆದರೆ ಅದು ಕಾರ್ಟಿಲೇಜ್‌ಗೆ ಅಲ್ಲ. ಮಂಡಿಯ ನೀರು ತೆಗೆದರೆ ಮತ್ತೆ ತುಂಬಿಕೊಳ್ಳುವುದು ತೆಗೆದದ್ದರಿಂದಲ್ಲ, ಒಳಗಿನ ಉರಿಯೂತ ನಿಲ್ಲದೆ ಇರುವುದರಿಂದ. ನಡೆದಷ್ಟೂ ಸವೆಯುತ್ತದೆ ಎನ್ನುವುದು ಇವೆಲ್ಲಕ್ಕಿಂತ ಹೆಚ್ಚು ಹಾನಿ ಮಾಡಿದ ನಂಬಿಕೆ. ರಕ್ತನಾಳ ಇಲ್ಲದ ಕಾರ್ಟಿಲೇಜ್‌ಗೆ ಆಹಾರ ಸಿಗುವುದು ಕೀಲಿನ ದ್ರವದಿಂದ. ಒತ್ತಿ ಬಿಟ್ಟು ಒತ್ತಿ ಬಿಟ್ಟು ಆಗುವಾಗ ಅದು ಒಳಗೆ ಹೋಗುತ್ತದೆ. ಕೂತೇ ಇದ್ದರೆ ಅದಕ್ಕೂ ಉಪವಾಸ.

ಇಷ್ಟೆಲ್ಲ ಹೇಳಿದ ಮೇಲೆ, ನೀವು ನನ್ನ ಎದುರು ಕೂತಿದ್ದರೆ ನಾನು ಏನು ಮಾಡುತ್ತಿದ್ದೆ?

ಇವತ್ತಿನಿಂದಲೇ ತೊಡೆಯ ವ್ಯಾಯಾಮ ಶುರು ಮಾಡಿಸುತ್ತಿದ್ದೆ. ಮಂಚದ ಮೇಲೆ ಕಾಲು ಚಾಚಿ, ಮಂಡಿಯ ಕೆಳಗೆ ಮಡಿಸಿದ ಟವೆಲ್ ಇಟ್ಟು, ಅದನ್ನು ಮಂಡಿಯ ಹಿಂಭಾಗದಿಂದ ಕೆಳಗೆ ಒತ್ತಿ. ಐದು ಎಣಿಸುವವರೆಗೆ ಬಿಗಿ ಹಿಡಿದು ಬಿಡಿ. ಹತ್ತು ಸಲ, ಬೆಳಿಗ್ಗೆ ಸಂಜೆ. ಒಂದು ವಾರ ಆದ ಮೇಲೆ ಎತ್ತರದ ಕುರ್ಚಿಯಿಂದ ಕೈ ಊರದೆ ಏಳುವುದು, ನಿಧಾನಕ್ಕೆ ಕೂರುವುದು. ಆ ನಿಧಾನಕ್ಕೆ ಕೂರುವುದೇ ಇಳಿಜಾರಿಗೆ ಬೇಕಾದ ಬಲ. ಮಡಿಕೇರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲೋ ಹತ್ತಿರದ ಫಿಸಿಯೋಥೆರಪಿಸ್ಟ್ ಹತ್ತಿರವೋ ಒಂದೆರಡು ಸಲ ಸರಿಯಾಗಿ ಕಲಿತುಕೊಂಡರೆ ಮನೆಯಲ್ಲೇ ಮಾಡಬಹುದು. ಇದೆಲ್ಲ ಸುಮ್ನೆ ಸಮಾಧಾನಕ್ಕೆ ಹೇಳುವ ಮಾತಲ್ಲ. 2020ರಲ್ಲಿ 156 ಜನರ ಪ್ರಯೋಗದಲ್ಲಿ ಸ್ಟಿರಾಯ್ಡ್ ಇಂಜೆಕ್ಷನ್ ಮತ್ತು ಫಿಸಿಯೋಥೆರಪಿಯನ್ನು ಎದುರುಬದುರು ಇಟ್ಟು ನೋಡಿದರು. ಒಂದು ವರ್ಷದ ಕೊನೆಯಲ್ಲಿ ಫಿಸಿಯೋಥೆರಪಿಯವರ ನೋವು ಕಡಿಮೆ ಇತ್ತು, ಓಡಾಟ ಚೆನ್ನಾಗಿತ್ತು. ಆದರೆ ಫಲ ಕಾಣಲು ಎಂಟು ವಾರವಾದರೂ ಬೇಕು, ಬೇಸರ ಬರುತ್ತದೆ, ಅದು ಗೊತ್ತು.

ತೂಕದ ಬಗ್ಗೆ ಒಂದೇ ಲೆಕ್ಕ: ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಗೆ ಸುಮಾರು ನಾಲ್ಕು ಕೆಜಿ ಭಾರ ಕಡಿಮೆ. ಐದು ಕೆಜಿ ಇಳಿಸಿದರೂ ಶುಗರ್‌ಗೂ ಒಳ್ಳೆಯದು.

ಇನ್ನು ಸೂಜಿ. ಬಲ ಮಂಡಿಯಲ್ಲಿ ಈಗಲೂ ಊತ ಇದೆ ಎಂದಿದ್ದೀರಿ. ಊತ ಇರುವ ಮಂಡಿಯಲ್ಲಿ ಸ್ಟಿರಾಯ್ಡ್ ಪ್ರಯತ್ನಿಸಲು ಅರ್ಥವಿದೆ. ಆದ್ದರಿಂದ ಶುಗರ್ ಹತೋಟಿಯಲ್ಲಿದ್ದರೆ ಬಲ ಮಂಡಿಗೆ ಮಾತ್ರ, ನವೆಂಬರ್ ಮಧ್ಯದಲ್ಲಿ ಒಂದು ಸಲ ಹಾಕುತ್ತಿದ್ದೆ. ಎಡಗಡೆಗೆ ಬೇಡ. ಅಷ್ಟರಲ್ಲಿ ತೊಡೆಗೆ ನಾಲ್ಕು ವಾರದ ಬಲ ಬಂದಿರುತ್ತದೆ.

ಹೇಗೆ ಹಾಕುತ್ತಾರೆ ಎಂದು ಗೊತ್ತಿದ್ದರೆ ಭಯ ಕಡಿಮೆ. ಮಲಗಿಸಿ, ಮಂಡಿ ಕೆಳಗೆ ಸಣ್ಣ ದಿಂಬು ಇಟ್ಟು, ಔಷಧಿಯಿಂದ ಎರಡು ಮೂರು ಸಲ ಒರೆಸಿ, ಚಿಪ್ಪಿನ ಹೊರಬದಿಯಿಂದ ಸೂಜಿ ಹಾಕುತ್ತೇವೆ. ಊತ ಇದ್ದರೆ ಮೊದಲು ನೀರು ಎಳೆಯುತ್ತೇವೆ. ಆ ನೀರನ್ನು ನಾನು ಯಾವಾಗಲೂ ಬೆಳಕಿಗೆ ಹಿಡಿದು ನೋಡುತ್ತೇನೆ. ಸವೆತದ ನೀರು ತಿಳಿ ಹಳದಿ, ಸಿರಿಂಜಿನ ಆಚೆ ಹಿಡಿದ ಅಕ್ಷರ ಓದಬಹುದು. ಸೂಜಿಯ ತುದಿಯಿಂದ ಒಂದು ಹನಿ ಬಿಟ್ಟರೆ ದಾರದ ಹಾಗೆ ಉದ್ದಕ್ಕೆ ಇಳಿಯುತ್ತದೆ. ಅದು ಕದಡಿದ್ದರೆ ಅಲ್ಲಿಗೇ ನಿಲ್ಲಿಸಿ ಲ್ಯಾಬ್‌ಗೆ ಕಳಿಸುತ್ತೇವೆ. ಸೋಂಕೋ, ಗೌಟೋ, ಬೇರೆ ವಾತದ ಕಾಯಿಲೆಯೋ ಗೊತ್ತಾಗುವ ತನಕ ಸ್ಟಿರಾಯ್ಡ್ ಒಳಗೆ ಹೋಗಬಾರದು. ರಕ್ತ ತೆಳುವಾಗುವ ಮಾತ್ರೆ ತಗೊಳ್ತಿದ್ದರೆ ಮೊದಲೇ ಹೇಳಿ, ನೀವಾಗಿ ನಿಲ್ಲಿಸಬೇಡಿ.

ಹಾಕಿದ ರಾತ್ರಿ ನೋವು ಸ್ವಲ್ಪ ಜಾಸ್ತಿ ಆಗಬಹುದು, ಒಂದೆರಡು ದಿನಕ್ಕೆ ಇಳಿಯುತ್ತದೆ. ಎರಡು ದಿನದ ಮೇಲೂ ನೋವು ಏರುತ್ತಾ ಹೋದರೆ, ಮಂಡಿ ಬಿಸಿಯಾಗಿ ಕೆಂಪಾದರೆ, ಚಳಿ ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಕೀಲಿನ ಸೋಂಕು ಅಪರೂಪ, ಆದರೆ ಬಂದರೆ ಮಂಡಿಯನ್ನೇ ಹಾಳು ಮಾಡುತ್ತದೆ. ಅದಕ್ಕೇ ನಮ್ಮ ಜಿಲ್ಲೆಯವರಿಗೆ ನಾನು ಹೇಳುವುದು: ಬೆಂಗಳೂರಿಗೆ ಮದುವೆಗೆ ಹೋದಾಗ ಹಾಗೇ ಹಾಕಿಸಿಕೊಂಡು ಭಾನುವಾರ ರಾತ್ರಿ ಬಸ್ ಹತ್ತಬೇಡಿ. ತೊಂದರೆ ಆದರೆ ಎರಡು ಗಂಟೆಯೊಳಗೆ ಮತ್ತೆ ಹೋಗಬಹುದಾದ ಕಡೆಯೇ ಹಾಕಿಸಿಕೊಳ್ಳಿ.

ಕೊಯ್ಲಿನ ಹೊತ್ತಿಗೆ ನೋವು ಇಲ್ಲದಿದ್ದರೂ ಮಂಡಿ ಹಳೆಯದೇ. ಬಲಗಡೆ ನೋವು ಜಾಸ್ತಿ ಆದ್ದರಿಂದ ಕೋಲು ಎಡಗೈಯಲ್ಲಿ ಇರಲಿ. ಹತ್ತುವಾಗ ಎಡಗಾಲು ಮೊದಲು, ಇಳಿಯುವಾಗ ಬಲಗಾಲು ಮೊದಲು. ನೇರ ಇಳಿಯದೆ ಅಡ್ಡಡ್ಡ ಇಳಿಯಿರಿ. ಕಣದಲ್ಲಿ ಕಾಯಿ ಆರಿಸುವಾಗ ಕುಕ್ಕರಗಾಲಿನಲ್ಲಿ ಕೂರಬೇಡಿ, ಎತ್ತರದ ಸ್ಟೂಲ್ ಹಾಕಿಕೊಳ್ಳಿ. ಮೂಟೆ ಬೇರೆಯವರು ಹೊರಲಿ. ಮೆಣಸು ಕುಯ್ಯುವ ಏಣಿ ಹತ್ತುವ ಕೆಲಸ ಈ ವರ್ಷ ಬಿಟ್ಟುಬಿಡಿ. ನೋವಿನ ಮಾತ್ರೆಯನ್ನು ದಿನಾ ನುಂಗುವ ಬದಲು ಮೊದಲು ಡೈಕ್ಲೋಫೆನಾಕ್ ಜೆಲ್ ಮೇಲೆ ಹಚ್ಚಿ ನೋಡಿ. ಶುಗರ್ ಇರುವವರ ಕಿಡ್ನಿಗೆ ಆ ಮಾತ್ರೆಗಳು ಒಳ್ಳೆಯದಲ್ಲ.

‘ಆಪರೇಷನ್ ಮಾತ್ರ ಬೇಡ’ ಎಂದಿದ್ದೀರಿ. ಈಗ ಬೇಡ, ಸರಿ. ಆದರೆ ಆ ಬಾಗಿಲಿಗೆ ಬೀಗ ಹಾಕಬೇಡಿ. ರಾತ್ರಿ ನೋವಿಗೆ ಎಚ್ಚರ ಆಗುತ್ತಿದ್ದರೆ, ಮನೆಯಿಂದ ಗೇಟಿಗೆ ನಡೆಯಲು ಆಗದಿದ್ದರೆ, ಕಾಲು ಬಿಲ್ಲಿನ ಹಾಗೆ ಬಾಗುತ್ತಾ ಹೋದರೆ ಯಾವ ಇಂಜೆಕ್ಷನ್ನೂ ಪ್ರಯೋಜನವಿಲ್ಲ. ಕೃತಕ ಮಂಡಿಯ ಬೆಲೆಗೆ 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಮಿತಿ ಹಾಕಿತು. ಸಾಮಾನ್ಯವಾಗಿ ಬಳಸುವ ಕೋಬಾಲ್ಟ್ ಕ್ರೋಮಿಯಂ ಮಂಡಿಗೆ ಆಗ 54,720 ರೂಪಾಯಿ, ಜಿಎಸ್‌ಟಿ ಬೇರೆ. ಆಸ್ಪತ್ರೆ ಖರ್ಚು ಅದರ ಮೇಲೆ. ಆಪರೇಷನ್ ಆದವರು ತೋಟದಲ್ಲಿ ನಡೆಯುತ್ತಾರೆ, ಇಳಿಜಾರೂ ಇಳಿಯುತ್ತಾರೆ. ಕುಕ್ಕರಗಾಲಿನಲ್ಲಿ ಕೂರುವುದನ್ನು ಮಾತ್ರ ಬಿಡಬೇಕು. ಒಂದು ವಿಷಯ ನೆನಪಿರಲಿ: ಮಂಡಿಗೆ ಇಂಜೆಕ್ಷನ್ ಹಾಕಿಸಿಕೊಂಡು ಮೂರು ತಿಂಗಳು ಆಗುವ ತನಕ ಆ ಮಂಡಿ ಬದಲಿಸುವ ಆಪರೇಷನ್ ಮಾಡುವುದಿಲ್ಲ, ಸೋಂಕಿನ ಅಪಾಯ ಹೆಚ್ಚು. ಹಾಗಾಗಿ ಯಾವ ಇಂಜೆಕ್ಷನ್, ಯಾವ ಮಂಡಿಗೆ, ಯಾವ ತಾರೀಖು ಎಂದು ಎಕ್ಸ್‌ರೇ ಕವರ್ ಮೇಲೆಯೇ ಬರೆದಿಟ್ಟುಕೊಳ್ಳಿ, ಮುಂದೆ ನೋಡುವ ಡಾಕ್ಟರ್ ಮೊದಲು ಕೇಳುವುದು ಅದನ್ನೇ.